ಬಿಡಿಸಿ ಹೇಳುವ ವಿದ್ಯೆ



ಮೊದಲು ನಿಮಗೊಂದು ಸಣ್ಣ ಪರೀಕ್ಷೆ. ಬೆಂಗಳೂರಿನಲ್ಲಿರುವ ನಿಮ್ಮ ಚಿಕ್ಕಮ್ಮನ ಮಗ ಫೋನ್ ಮಾಡಿದ್ದಾನೆ ಎನ್ನಿ. ಅವನ ಆಫೀಸಿನಲ್ಲಿ ಓಣಂ ಆಚರಣೆಯಂತೆ, ಮುಂಡು ಉಟ್ಟುಕೊಂಡು ಬರಬೇಕಂತೆ. ಹುಡುಗ ಹುಟ್ಟಿದಾರಭ್ಯ ಪ್ಯಾಂಟನ್ನಲ್ಲದೆ ಬೇರೇನನ್ನೂ ತೊಟ್ಟವನಲ್ಲ. ಕೇರಳದಲ್ಲೇ ಬೆಳೆದ ನಿಮಗೆ ಇದು ಬಾರದೆ ಇದ್ದೀತೇ? ಕೈ ತೋರಿಸದೆ, ಬರಿಯ ಮಾತಿನಲ್ಲಿ ಅವನಿಗೆ ಹೇಳಿಕೊಡಿ ನೋಡೋಣ. "ಸೊಂಟಕ್ಕೆ ಸುತ್ತು, ತುದಿ ಸಿಕ್ಕಿಸು" ಎಂದಿರಾ? ಸರಿ, ಯಾವ ತುದಿ ಒಳಗೆ, ಯಾವುದು ಹೊರಗೆ? ಎಷ್ಟು ಬಿಗಿ? ಕಾಲು ಜೋಡಿಸಿ ನಿಂತು ಉಟ್ಟರೆ ಆಮೇಲೆ ಮೆಟ್ಟಿಲು ಹತ್ತಲಾಗದು, ಸ್ವಲ್ಪ ಅಗಲಿಸಿ ನಿಲ್ಲಬೇಕು ಎಂಬುದನ್ನು ಹೇಳಿದಿರಾ? ದಿನವೂ ಹತ್ತು ಸೆಕೆಂಡಿನಲ್ಲಿ ಮಾಡಿ ಮುಗಿಸುವ ಕೆಲಸ, ಹೇಳಹೊರಟರೆ ನಾಲಿಗೆ ತಡವರಿಸುತ್ತದೆ. (ಹೆಣ್ಣುಮಕ್ಕಳು ಮುಂಡಿನ ಬದಲು ಸೀರೆಯ ನೆರಿಗೆ ಎಂದು ಓದಿಕೊಳ್ಳಬಹುದು.)

ಎರಡು ವರ್ಷಗಳಿಂದ ನಾನು ಓದುತ್ತಿರುವುದು ಈ ತಡವರಿಕೆಯ ಕುರಿತಾಗಿಯೇ. ವಿಷಯದ ಹೆಸರು ಇನ್‌ಸ್ಟ್ರಕ್ಷನಲ್ ಡಿಸೈನ್. ಕನ್ನಡದಲ್ಲಿ ಬೋಧನಾ ವಿನ್ಯಾಸ ಎನ್ನಬಹುದು. ತಿರುವನಂತಪುರದ ಕಳಕ್ಕೂಟಂ ಬಳಿ ಒಂದು ಕಂಪೆನಿಯಲ್ಲಿ ಹಗಲು ದುಡಿದು, ರಾತ್ರಿ ಓದಿ, ಶುಕ್ರವಾರ ಸಂಜೆ ರೈಲು ಹತ್ತಿ 200 ಕಿಲೋಮೀಟರು ದಾಟಿ ಕೊಚ್ಚಿಯ ಮನೆ ಸೇರುವವಳು ನಾನು. "ಎಂತ ಕಲಿಯುವುದು ನೀನು? ಟೀಚರ್ ಆಗ್ಲಿಕ್ಕಾ?" ಎಂದು ಅಮ್ಮ ಕೇಳಿದಾಗ, "ಪಾಠ ಮಾಡುವುದಲ್ಲಮ್ಮ, ಪಾಠ ಹೇಗಿರಬೇಕೆಂದು ಮೊದಲೇ ಯೋಚಿಸಿ ಕಟ್ಟಿಕೊಡುವುದು" ಎಂದೆ. "ಹಾಗಾದರೆ ಮೇಸ್ತ್ರಿಗೆ ಪ್ಲಾನ್ ಬರೆದು ಕೊಡುವವರ ಹಾಗೆ" ಎಂದರು ಅಮ್ಮ. ನನ್ನ ಪಠ್ಯಪುಸ್ತಕದ ಮೊದಲ ಅಧ್ಯಾಯಕ್ಕಿಂತ ಇದೇ ಸ್ಪಷ್ಟವಾಗಿದೆ.

ಈ ಪ್ಲಾನು ಬರೆಯಲು ಕೈಗೆ ಬೇಕಾದ ಮೊದಲ ಉಪಕರಣದ ಹೆಸರು ಟಾಸ್ಕ್ ಅನಾಲಿಸಿಸ್. ಒಂದು ಕೆಲಸವನ್ನು ಬಲ್ಲವನು ಅದನ್ನು ಹೇಗೆ ಮಾಡುತ್ತಾನೆ ಎಂಬುದನ್ನು ಎಳೆ ಎಳೆಯಾಗಿ ಬಿಡಿಸಿ, ಕಲಿಯುವವನಿಗೆ ಯಾವ ಎಳೆ ಈಗಾಗಲೇ ಕೈಯಲ್ಲಿದೆ, ಯಾವುದು ಇಲ್ಲ ಎಂದು ನೋಡುವುದು. 'ಕೆಲಸ ಬಿಡಿಸುವುದು' ಎಂದು ಅನುವಾದಿಸಿದರೆ ನೌಕರಿಯಿಂದ ತೆಗೆದುಹಾಕಿದಂತೆ ಕೇಳಿಸುತ್ತದಾದ್ದರಿಂದ ಕಾರ್ಯವಿಶ್ಲೇಷಣೆ ಎಂದೇ ಇಟ್ಟುಕೊಳ್ಳೋಣ.

ಇದನ್ನೆಲ್ಲ ನಮ್ಮ ಸಂಘದ ಪತ್ರಿಕೆಯಲ್ಲಿ, ಅದೂ ನಿಮ್ಮ ಮುಂದೆ, ಯಾಕೆ ತೆಗೆದೆನೆಂದು ಕೇಳಬಹುದು. ಕಾರಣ ನಮ್ಮ ಮನೆಯದು, ಬಹುಶಃ ನಿಮ್ಮ ಮನೆಯದೂ ಹೌದು. ನಮ್ಮಮ್ಮನಿಗೆ ಈಗ 76. ಪುತ್ತೂರಿನಲ್ಲಿ ಹುಟ್ಟಿ ಬೆಳೆದು, ಬ್ಯಾಂಕಿನ ನೌಕರಿಯಲ್ಲಿದ್ದ ಅಪ್ಪನನ್ನು ಮದುವೆಯಾಗಿ ಎರ್ನಾಕುಳಕ್ಕೆ ಬಂದವರು. ಮೂರು ವರ್ಷಗಳಿಂದ ಅವರ ಕಣ್ಣಿನ ನಡುದೃಷ್ಟಿ ಮಸುಕಾಗುತ್ತ ಬಂದಿದೆ. ಎದುರು ಕೂತವರ ಮುಖ ಕಾಣುವುದಿಲ್ಲ, ಪಕ್ಕದ ಬಾಗಿಲು ಕಾಣುತ್ತದೆ. ಓದು ನಿಂತಿತು. ಅಣ್ಣ ಮನೆಯಲ್ಲಿ ಕನ್ನಡ ಮಾತಾಡುತ್ತಾನೆ, ಆದರೆ ಅಕ್ಷರ ಕಲಿತದ್ದು ಮಲಯಾಳದಲ್ಲಿ. ಅತ್ತಿಗೆ ಪಾಲಕ್ಕಾಡಿನವರು. ನಾನು ವಾರದಲ್ಲಿ ಐದು ದಿನ ಊರಲ್ಲಿರುವುದಿಲ್ಲ. ಅಂದರೆ, ಒಂದು ಕಪಾಟು ತುಂಬ ಕನ್ನಡ ಪುಸ್ತಕವಿರುವ ಮನೆಯಲ್ಲಿ ಸೋಮವಾರದಿಂದ ಶುಕ್ರವಾರದ ತನಕ ಕನ್ನಡದ ಒಂದು ಸಾಲು ಓದಬಲ್ಲ ಕಣ್ಣು ಇಲ್ಲ. ಫೋನಿನಲ್ಲಿ ಓದಿ ಹೇಳುವ ಯಂತ್ರದ ಧ್ವನಿಯನ್ನು ಅಮ್ಮನಿಗೆ ಕೇಳಿಸಿದೆವು. "ಇದು ಯಾರು, ಮೂಗು ಕಟ್ಟಿದೆಯೋ ಪಾಪ" ಎಂದು ಬದಿಗಿಟ್ಟರು.

ಆಗ ಅಣ್ಣನ ಮಗಳು, ಅವಳಿಗೆ 17, ಹೇಳಿದಳು: "ಅಜ್ಜಿಗೆ ನಾನು ಓದಿ ಹೇಳ್ತೇನೆ ಅತ್ತೆ, ನೀವು ಕಲಿಸಿ ಕೊಡಿ. ಆದರೆ ಒಂದನೇ ಕ್ಲಾಸಿನ ಹಾಗೆ ಬೇಡ." ಅವಳು ಹಿಂದೊಮ್ಮೆ ಒಂದು ಭಾನುವಾರದ ಕನ್ನಡ ತರಗತಿಗೆ ಹೋಗಿದ್ದವಳು. ಅ ಆ ಇ ಈ ದಾಟಿ 'ಋ' ತಲುಪುವಷ್ಟರಲ್ಲಿ ಮೂರು ವಾರ ಕಳೆದಿತ್ತು, ಓದಲು ಒಂದು ಪದವೂ ಬಂದಿರಲಿಲ್ಲ. ಬಿಟ್ಟಳು. ಅವಳನ್ನು ದೂರುವುದು ಹೇಗೆ? ನಿಮ್ಮಲ್ಲಿ ಎಷ್ಟೋ ಮಂದಿ ಇದೇ 'ಋ'ಕಾರದಲ್ಲಿ ಇಳಿದುಹೋದವರು ಇದ್ದೀರಿ ಎಂದು ನನಗೆ ಗೊತ್ತು.

ಹೀಗೆ ಎಂದೂ ಪರೀಕ್ಷೆಗಾಗಿ ಮಾತ್ರ ಓದುತ್ತಿದ್ದ ವಿದ್ಯೆಗೆ ಮನೆಯೊಳಗೇ ಕೆಲಸ ಬಂತು. ಅದನ್ನು ಹೇಳುವ ಮೊದಲು, ಆ ವಿದ್ಯೆ ನನ್ನ ಕೈಗೆ ಹತ್ತಿದ್ದು ಎಲ್ಲಿ ಎಂದು ಹೇಳಬೇಕು. ಪುಸ್ತಕದಲ್ಲಿ ಅಲ್ಲ, ದೋಸೆ ಕಾವಲಿಯ ಎದುರು.

ನನ್ನ ದೊಡ್ಡಪ್ಪ ಎರ್ನಾಕುಳದ ಒಂದು ಹೋಟೆಲಿನಲ್ಲಿ ಬಹಳ ವರ್ಷ ದೋಸೆ ಹುಯ್ದವರು. ನಮ್ಮ ಕೋರ್ಸಿನಲ್ಲಿ, ಕೈಕೆಲಸ ಬಲ್ಲ ಒಬ್ಬರನ್ನು ವಿಚಾರಿಸಿ ಅವರ ಕೆಲಸವನ್ನು ಬಿಡಿಸಿ ಬರೆಯಿರಿ ಎಂದಿದ್ದರು. ದೊಡ್ಡಪ್ಪನನ್ನು ಕೇಳಿದೆ. "ಅದರಲ್ಲಿ ಎಂತ ಉಂಟು ಮಾರಾಯ್ತಿ? ಹಿಟ್ಟು ಹುಯ್ಯುವುದು, ತಿರುಗಿಸಿ ಹರಡುವುದು, ಎಣ್ಣೆ ಬಿಡುವುದು, ತೆಗೆಯುವುದು. ಆಯ್ತಲ್ಲ!" ನಾಲ್ಕು ಹೆಜ್ಜೆ. ಬರೆದುಕೊಂಡೆ. ಆಮೇಲೆ, "ಈಗ ಹುಯ್ದು ತೋರಿಸಿ" ಎಂದೆ. ಕಾವಲಿ ಕಾಯಿತು. ದೊಡ್ಡಪ್ಪ ಸೌಟು ಎತ್ತುವ ಮೊದಲೇ ಕೈಯಿಂದ ನೀರು ಚಿಮುಕಿಸಿದರು, ಕಿವಿ ಕೊಟ್ಟರು, ಹಿಡಿಸೂಡಿಯಿಂದ ಒಮ್ಮೆ ಗುಡಿಸಿದರು, ಒಂದು ಉಸಿರಿನಷ್ಟು ಹೊತ್ತು ಕಾದರು. ಆ ಮೇಲೆ ಹಿಟ್ಟು. "ನೀರು ಯಾಕೆ ಹಾಕಿದ್ದು?" "ಹಾಕಿದೆನಾ?" ಎಂದರು.

ಅದೇ ಉತ್ತರ. ಹಾಕಿದ್ದು ಅವರಿಗೇ ಗೊತ್ತಿಲ್ಲ. ಕಾವಲಿ ವಿಪರೀತ ಕಾದಿದ್ದರೆ ಹಿಟ್ಟು ಬಿದ್ದಲ್ಲೇ ಬೆಂದು ಹಿಡಿದುಬಿಡುತ್ತದೆ, ಸೌಟಿನೊಡನೆ ಎದ್ದು ಬರುತ್ತದೆ, ಹರಡುವುದಿಲ್ಲ. ನೀರು ಚಿಮುಕಿಸಿ ಗುಡಿಸುವುದು ಸ್ವಚ್ಛತೆಗೆ ಮಾತ್ರ ಅಲ್ಲ, ಮೇಲ್ಮೈಯ ಬಿಸಿಯನ್ನು ಒಂದು ಕ್ಷಣ ಇಳಿಸಿಕೊಳ್ಳಲು. ಎಷ್ಟು ಇಳಿಯಿತು ಎಂಬುದನ್ನು ಅವರು ನೀರಿನ 'ಚುಂಯ್' ಶಬ್ದದಲ್ಲಿ ತಿಳಿಯುತ್ತಾರೆ. ನಾನು ಮತ್ತೆ ಮತ್ತೆ ತಡೆದು, "ಈಗ ಯಾಕೆ ನಿಲ್ಲಿಸಿದಿರಿ? ಈಗ ಎಲ್ಲಿ ನೋಡಿದಿರಿ?" ಎಂದು ಕೇಳುತ್ತ ಹೋದೆ. ಸೌಟಿನ ತಳ ಹಿಟ್ಟಿನ ಮೇಲೆ ತೇಲಬೇಕು, ಕಾವಲಿಗೆ ಒತ್ತಬಾರದು. ನಡುವಿನಿಂದ ಹೊರಕ್ಕೆ, ಕೈ ಎತ್ತದೆ. ಅಂಚು ತಾನಾಗಿ ಎದ್ದಾಗ ಮಾತ್ರ ಸಟ್ಟುಗ. ಹಿಟ್ಟು ಹೆಚ್ಚು ಹುಳಿ ಬಂದ ದಿನ ಉರಿ ಹೇಗೆ, ಮಳೆಗಾಲದಲ್ಲಿ ಹೇಗೆ. ಸಂಜೆಯ ಹೊತ್ತಿಗೆ ನಾಲ್ಕು ಹೆಜ್ಜೆ ಹತ್ತೊಂಬತ್ತಾಗಿತ್ತು, ನನ್ನ ಹೊಟ್ಟೆಯೂ ತುಂಬಿತ್ತು. ದೊಡ್ಡಪ್ಪ ಕಾಗದ ಓದಿಸಿ ಕೇಳಿ, "ಇಷ್ಟೆಲ್ಲ ಮಾಡ್ತೇನಾ ನಾನು? ಹಾಗಾದರೆ ಸಂಬಳ ಕಮ್ಮಿ ಆಯ್ತು" ಎಂದರು.

ಇದು ದೊಡ್ಡಪ್ಪನೊಬ್ಬರ ಕಥೆಯಲ್ಲ. ಅಮೆರಿಕದಲ್ಲಿ ಶಸ್ತ್ರವೈದ್ಯರನ್ನು ಹೀಗೆಯೇ ವಿಚಾರಿಸಿ ನಡೆಸಿದ ಅಧ್ಯಯನಗಳಲ್ಲಿ, ನುರಿತವರು ತಮ್ಮ ಕೆಲಸವನ್ನು ವಿವರಿಸುವಾಗ ಬೇಕಾದ ಹೆಜ್ಜೆ ಹಾಗೂ ತೀರ್ಮಾನಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಹೇಳದೆ ಬಿಡುತ್ತಾರೆಂದು ಕಂಡುಬಂದಿದೆ. ಮುಚ್ಚಿಡುವುದಲ್ಲ. ಚೆನ್ನಾಗಿ ಕಲಿತದ್ದು ಕೈಗೆ ಇಳಿದುಹೋಗುತ್ತದೆ, ಬಾಯಿಗೆ ಸಿಗುವುದಿಲ್ಲ. ಕಲಿಯಬಂದವನು ಮುಗ್ಗರಿಸುವುದು ಆ ಹೇಳದೆ ಬಿಟ್ಟ ಹೆಜ್ಜೆಗಳಲ್ಲೇ. ಅಮ್ಮನ ಸಾರು ನಿಮ್ಮ ಕೈಯಲ್ಲಿ ಬೇರೆಯಾಗುವುದು ಯಾಕೆ ಎಂಬುದಕ್ಕೆ ಕೈಗುಣದ ಮಾತು ತೆಗೆಯುವ ಮೊದಲು ಇದನ್ನೂ ಯೋಚಿಸಿ.

ಈ ವಿದ್ಯೆಗೆ ದೊಡ್ಡ ಇತಿಹಾಸವಿದೆ, ಬೇಗ ಹೇಳಿ ಮುಗಿಸುತ್ತೇನೆ. ಫ್ರಾಂಕ್ ಗಿಲ್ಬ್ರೆತ್ ಎಂಬಾತ ಇಟ್ಟಿಗೆ ಕಟ್ಟುವವರ ಕೈಚಲನೆಯನ್ನು ಲೆಕ್ಕ ಹಾಕಿ, ಇಟ್ಟಿಗೆಯೊಂದಕ್ಕೆ 18 ಇದ್ದುದನ್ನು 5ಕ್ಕೆ ಇಳಿಸಿದ್ದನ್ನು ಫ್ರೆಡರಿಕ್ ಟೇಲರ್ 1911ರ ತನ್ನ ಪುಸ್ತಕದಲ್ಲಿ ಬರೆದಿದ್ದಾನೆ. ಅಲ್ಲಿ ಆಸೆ ಇದ್ದದ್ದು ಹೆಚ್ಚು ಕೆಲಸ ತೆಗೆಯುವುದರ ಮೇಲೆ, ಕಲಿಸುವುದರ ಮೇಲೆ ಅಲ್ಲ. ನನಗೆ ಆ ದಾರಿ ಅಷ್ಟು ಹಿಡಿಸುವುದಿಲ್ಲ. ಎರಡನೆಯ ಮಹಾಯುದ್ಧದ ಕಾಲಕ್ಕೆ, 1940ರಿಂದ 1945ರವರೆಗೆ, ಕೆಲಸ ಗೊತ್ತಿಲ್ಲದ ಲಕ್ಷಾಂತರ ಜನ ಕಾರ್ಖಾನೆಗಳಿಗೆ ಬಂದಾಗ ಅಮೆರಿಕದವರು ಅವರ ಮೇಲ್ವಿಚಾರಕರಿಗೆ ಒಂದು ಹಾಳೆ ಕೊಟ್ಟರು. ಅದರಲ್ಲಿ ಎರಡೇ ಪಟ್ಟಿ: ಎಡಕ್ಕೆ ಮುಖ್ಯ ಹೆಜ್ಜೆ, ಬಲಕ್ಕೆ ಆ ಹೆಜ್ಜೆಯ ಗುಟ್ಟು. ದೊಡ್ಡಪ್ಪ ಹೇಳಿದ ನಾಲ್ಕು ಹೆಜ್ಜೆಯೆಲ್ಲ ಎಡಗಡೆ ಬರುತ್ತವೆ, 'ಚುಂಯ್' ಬಲಗಡೆ. ವಾಯುಸೇನೆಯ ತರಬೇತಿಯಲ್ಲಿ ಕೆಲಸ ಮಾಡಿದ್ದ ರಾಬರ್ಟ್ ಗ್ಯಾನ್ಯೆ ಎಂಬ ಮನಶ್ಶಾಸ್ತ್ರಜ್ಞರು 1960ರ ದಶಕದಲ್ಲಿ ಇದಕ್ಕೆ ಇನ್ನೊಂದು ತಿರುವು ಕೊಟ್ಟರು: ಕೊನೆಯಿಂದ ಹಿಂದಕ್ಕೆ ಬನ್ನಿ. ಇದನ್ನು ಮಾಡಬೇಕಾದರೆ ಇದಕ್ಕೆ ಮೊದಲು ಅವನಿಗೆ ಏನು ಬರಬೇಕು? ಅದಕ್ಕೂ ಮೊದಲು? ಹೀಗೆ ಇಳಿಯುತ್ತ, ಕಲಿಯುವವನು ಆಗಲೇ ನಿಂತಿರುವ ಮೆಟ್ಟಿಲು ಸಿಗುವ ತನಕ.

ಆದರೆ ಎಲ್ಲಿ ನಿಲ್ಲಿಸುವುದು? ಯಾವ ಕೆಲಸವನ್ನಾದರೂ ಒಡೆಯುತ್ತ ಹೋದರೆ ಕೊನೆಯಿಲ್ಲ. ಇಂಗ್ಲೆಂಡಿನ ಹಲ್ ವಿಶ್ವವಿದ್ಯಾನಿಲಯದ ಜಾನ್ ಆನೆಟ್ ಮತ್ತು ಕೀತ್ ಡಂಕನ್ 1967ರಲ್ಲಿ ಒಂದು ಲೆಕ್ಕ ಕೊಟ್ಟರು. ಈ ಹೆಜ್ಜೆಯಲ್ಲಿ ಕಲಿಯುವವನು ತಪ್ಪುವ ಸಂಭವ ಎಷ್ಟು? ತಪ್ಪಿದರೆ ನಷ್ಟ ಎಷ್ಟು? ಎರಡನ್ನೂ ಗುಣಿಸಿ, ಬಂದ ಮೊತ್ತ ಸಣ್ಣದಿದ್ದರೆ ಒಡೆಯುವುದು ಸಾಕು. ನನ್ನ ಆಫೀಸಿನಿಂದ ಸ್ವಲ್ಪ ದೂರದಲ್ಲೇ ತುಂಬಾ ಇದೆ. ನಮ್ಮ ತುಂಬೆ ಹೂವಿಗೂ ಮಲಯಾಳದಲ್ಲಿ ಅದೇ ಹೆಸರು. ಅಲ್ಲಿಂದ 1963ರ ನವೆಂಬರ್ 21ರಂದು ಮೊದಲ ರಾಕೆಟ್ ಹಾರಿತು, ಮೀನುಗಾರರ ಇಗರ್ಜಿಯೊಂದು ಮೊದಲ ಕಚೇರಿಯಾಗಿತ್ತು. ರಾಕೆಟ್ಟಿನ ಕೆಲಸದಲ್ಲಿ ಒಂದು ಬೋಲ್ಟು ಬಿಗಿಯುವುದನ್ನೂ ಬಿಡಿಸಿ ಬರೆದು, ಗುರುತು ಹಾಕಿ ದಾಟಬೇಕು. ತಪ್ಪುವ ಸಂಭವ ಕಡಿಮೆಯಾದರೂ ನಷ್ಟ ಭಾರಿ. ದೋಸೆಗೆ ಅಷ್ಟು ಬೇಡ. ಒಂದು ದೋಸೆ ಕೆಟ್ಟರೆ ಹುಯ್ದವನೇ ತಿನ್ನಬಹುದು.

ಇನ್ನೊಂದು ಸಂಗತಿ ನನಗೆ ಹೊಳೆದದ್ದು ಫೋರ್ಟ್ ಕೊಚ್ಚಿಯ ಚೀನಾ ಬಲೆಗಳ ಬಳಿ. ಒಂದೊಂದು ಬಲೆಗೆ ನಾಲ್ಕೈದು ಮಂದಿ. ಒಬ್ಬ ದೂಲದ ಮೇಲೆ ನಡೆದು ಹೋದರೆ ಅವನ ಭಾರಕ್ಕೇ ಬಲೆ ನೀರಿಗಿಳಿಯುತ್ತದೆ. ಹಿಂದೆ ಹಗ್ಗದಲ್ಲಿ ತೂಗುವ ಕಲ್ಲುಗಳು ಅಷ್ಟು ನಾಜೂಕಾಗಿ ಸಮತೂಕ ಇಟ್ಟಿವೆ. ಹಗ್ಗ ಎಳೆಯುವವನನ್ನು ಕೇಳಿದರೆ ಹಗ್ಗದ ವಿಷಯ ಹೇಳುತ್ತಾನೆ, ಯಾವಾಗ ಎತ್ತಬೇಕೆಂದು ತೀರ್ಮಾನಿಸುವವನು ಬೇರೊಬ್ಬ. ಕೆಲಸ ಒಬ್ಬನ ತಲೆಯಲ್ಲಿ ಇಲ್ಲ. ಆದ್ದರಿಂದ ಒಬ್ಬರನ್ನು ಮಾತ್ರ ಕೇಳಿ ಎದ್ದು ಬರಬಾರದು. ಓದು ಕಲಿಸುವ ವಿಷಯಕ್ಕೆ ಬಂದಾಗ ನಾನು ಅಮ್ಮನ ಜೊತೆಗೆ ಹುಡುಗಿಯನ್ನೂ ವಿಚಾರಿಸಿದ್ದು ಇದೇ ಕಾರಣಕ್ಕೆ.

ಮೊದಲು ಗುರಿ ಗೊತ್ತಾಗಬೇಕು. 'ಕನ್ನಡ ಕಲಿಯುವುದು' ಎಂಬುದು ಗುರಿಯಲ್ಲ, ಅದೊಂದು ಹಾರೈಕೆ. ಇಲ್ಲಿ ನನಗೆ ನಮ್ಮ ಎರ್ನಾಕುಳವೇ ದಾರಿ ತೋರಿಸಿತು. ನಿಮ್ಮ ಅಪ್ಪ ಅಮ್ಮಂದಿರಿಗೆ ನೆನಪಿರಬಹುದು: 1989ರಲ್ಲಿ ಜಿಲ್ಲೆಯಲ್ಲಿ ಸಾಕ್ಷರತಾ ಚಳವಳಿ ನಡೆದು, ಸಾವಿರಾರು ಸ್ವಯಂಸೇವಕರು ಮನೆ ಮನೆಗೆ ಹೋಗಿ ಕಲಿಸಿ, 1990ರ ಫೆಬ್ರವರಿ 4ರಂದು ಎರ್ನಾಕುಳವು ದೇಶದ ಮೊದಲ ಸಂಪೂರ್ಣ ಸಾಕ್ಷರ ಜಿಲ್ಲೆ ಎಂದು ಘೋಷಣೆಯಾಯಿತು. 1991ರ ಏಪ್ರಿಲ್ 18ರಂದು ಇಡೀ ಕೇರಳ. ಆ ಕಾಲದ ರಾಷ್ಟ್ರೀಯ ಸಾಕ್ಷರತಾ ಮಿಷನ್, ಅಕ್ಷರಸ್ಥ ಎಂದರೆ ಯಾರು ಎಂಬುದಕ್ಕೆ ಅಳತೆಯನ್ನೇ ಕೊಟ್ಟಿತ್ತು: ಗಟ್ಟಿಯಾಗಿ ನಿಮಿಷಕ್ಕೆ 30 ಪದ ಓದಬೇಕು, ಮನಸ್ಸಿನಲ್ಲಿ 35, ನೋಡಿ ಬರೆಯುವುದು 7, ಹೇಳಿದ್ದನ್ನು ಬರೆಯುವುದು 5. ಬೋಧನಾ ವಿನ್ಯಾಸ ಎಂಬ ಹೆಸರು ಕೇಳದ ಸ್ವಯಂಸೇವಕರು ಹೊಲದ ಬದಿಯಲ್ಲಿ, ಲಾಟೀನಿನ ಬೆಳಕಿನಲ್ಲಿ ಈ ಅಳತೆ ಹಿಡಿದು ಕೆಲಸ ಮಾಡಿದರು. ನಾನೂ ನಮ್ಮ ಮನೆಗೆ ಅದನ್ನೇ ಎರವಲು ತಂದೆ: ಅಜ್ಜಿಗೆ ಕೇಳಿಸುವಂತೆ ದಿನಪತ್ರಿಕೆಯ ಒಂದು ಸುದ್ದಿಯನ್ನು ನಿಮಿಷಕ್ಕೆ 30 ಪದದಂತೆ ಓದಬೇಕು. ಬರೆಯುವುದು ಸದ್ಯಕ್ಕೆ ಬೇಡ. ಬರೆಯುವುದನ್ನು ಬಿಟ್ಟದ್ದರಿಂದಲೇ ಅರ್ಧ ಭಾರ ಇಳಿಯಿತು.

ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳ ಪಠ್ಯಪುಸ್ತಕ ಸಿದ್ಧವಾಗುವುದು ತಿರುವನಂತಪುರದ ಎಸ್.ಸಿ.ಇ.ಆರ್.ಟಿ.ಯಲ್ಲಿ. ಒಂದನೇ ತರಗತಿಯದನ್ನು ತಂದು ನೋಡಿದೆ. ಒಳ್ಳೆಯ ಪುಸ್ತಕ, ಆದರೆ ಆರು ವರ್ಷದ ಮಗುವಿಗೆ. ಓದು ಎಂದರೇನೆಂದೇ ಅರಿಯದ ಮಗು ಬೇರೆ, ಮಲಯಾಳವನ್ನೂ ಇಂಗ್ಲಿಷನ್ನೂ ಸರಾಗವಾಗಿ ಓದುವ ಹದಿನೇಳರ ಹುಡುಗಿ ಬೇರೆ. ಗ್ಯಾನ್ಯೆಯವರ ಪ್ರಶ್ನೆ ಹಿಡಿದು ಇಳಿದಾಗ ನನಗೆ ಕಂಡದ್ದು ಇದು: ನಿಮ್ಮಂಥವರು ಕನ್ನಡ ಓದುವ ಏಣಿಯ ಬುಡದಲ್ಲಿ ನಿಂತಿಲ್ಲ. ಅರ್ಧಕ್ಕಿಂತ ಮೇಲೆ ನಿಂತಿದ್ದೀರಿ, ಯಾರೂ ಅದನ್ನು ನಿಮಗೆ ಹೇಳಿಲ್ಲ, ಅಷ್ಟೆ.

ಲೆಕ್ಕ ನೋಡಿ. ಕನ್ನಡದ 49 ಅಕ್ಷರಗಳು ನಿಂತಿರುವ ಸಾಲು ಮಲಯಾಳದ್ದೇ: ಕ ಖ ಗ ಘ ಎಂಬ ಅದೇ ವರಸೆ. ವ್ಯಂಜನದೊಳಗೆ ಒಂದು 'ಅ' ಅಡಗಿರುತ್ತದೆ, ಸ್ವರ ಬದಲಾದರೆ ಗುರುತು ಸೇರುತ್ತದೆ, ಎರಡು ವ್ಯಂಜನ ಕೂಡಿದರೆ ಒತ್ತು ಬರುತ್ತದೆ. ಒಂದನೇ ತರಗತಿಯ ಮಗು ಒಂದು ವರ್ಷ ಬೆವರು ಸುರಿಸಿ ಕಲಿಯುವ ಈ ತತ್ತ್ವ ನಿಮಗೆ ಆಗಲೇ ಗೊತ್ತು. ಮನೆಯಲ್ಲಿ ಕನ್ನಡ ಕೇಳಿ ಬೆಳೆದಿರುವುದರಿಂದ ಅರ್ಧ ಓದಿದೊಡನೆ ಉಳಿದರ್ಧ ಕಿವಿ ತಾನೇ ತುಂಬಿಕೊಳ್ಳುತ್ತದೆ. ಕೆಲವೆಡೆ ಕನ್ನಡ ಸುಲಭ ಕೂಡ. ಮಲಯಾಳದಲ್ಲಿ 'ವೀಟ್' ಎಂದು ಬರೆದು 'ವೀಡ್' ಎನ್ನುತ್ತೀರಿ. ಕನ್ನಡದಲ್ಲಿ ಡಕಾರ ಕೇಳಿಸಿದರೆ ಡಕಾರವೇ ಬರೆದಿರುತ್ತದೆ. ಮಲಯಾಳದಲ್ಲಿ ಎ, ಏ, ಐ ಗುರುತುಗಳು ಅಕ್ಷರದ ಮುಂದೆ ಬಂದು ನಿಂತು ಕಾಯುತ್ತವೆ. ಕನ್ನಡದಲ್ಲಿ ಅಕ್ಷರ ಮೊದಲು, ಗುರುತು ಅದರ ನೆತ್ತಿಗೋ ಬಲಕ್ಕೋ.

ಹಾಗಾದರೆ ಇಲ್ಲದ ಮೆಟ್ಟಿಲು ಯಾವುವು? ಅದನ್ನು ಅಮ್ಮನ ಬಾಯಿಂದ ತೆಗೆಯಲು ನೋಡಿದೆ. 'ಸೂರ್ಯ' ಎಂದು ದಪ್ಪಕ್ಷರದಲ್ಲಿ ಬರೆದು, ಹೇಗೆ ಓದಿದಿರಿ ಎಂದು ಕೇಳಿದೆ. "ಹೇಗೆಂದರೆ? ಕಂಡದ್ದನ್ನು ಹೇಳಿದ್ದು!" ದೊಡ್ಡಪ್ಪನ ಹಾಗೆಯೇ. ಅದೇ ಪದವನ್ನು ಹುಡುಗಿಯ ಮುಂದಿಟ್ಟೆ. "ಸೂ... ಯ... ಆಮೇಲೆ ಇದೆಂತ ಕೊಕ್ಕೆ?" ಸಿಕ್ಕಿತು. ಅರ್ಕಾವೊತ್ತು ಕಣ್ಣಿಗೆ ಕೊನೆಯಲ್ಲಿ ಸಿಗುತ್ತದೆ, ಬಾಯಲ್ಲಿ ಮೊದಲು ಬರಬೇಕು. ಅಂದರೆ ಕಣ್ಣು ಒಂದಕ್ಷರ ಮುಂದೆ ಹೋಗಿ, ಕೊಕ್ಕೆ ಇದೆಯೇ ಎಂದು ನೋಡಿ, ಹಿಂದೆ ಬರಬೇಕು. ಎಪ್ಪತ್ತು ವರ್ಷ ಹಾಗೆ ಮಾಡಿದ ಅಮ್ಮನಿಗೆ ಅದು ಗೊತ್ತಿಲ್ಲ. ಓದುವ ನನಗೂ ಅವಳು ಹೇಳುವ ತನಕ ಕಂಡಿರಲಿಲ್ಲ. ತಮಾಷೆ ನೋಡಿ, 'ಕರ್ನಾಟಕ' ಎಂಬ ಹೆಸರಿನೊಳಗೇ ಈ ಕೊಕ್ಕೆ ಕೂತಿದೆ.

ಹೀಗೆ ಅವಳು ಎಡವಿದಲ್ಲೆಲ್ಲ ಬಲಗಡೆ ಪಟ್ಟಿಯಲ್ಲಿ ಒಂದು ಸಾಲು ಬರೆದೆ. ಗಕಾರವನ್ನು ಮಲಯಾಳದ ದಪ್ಪ ರಕಾರವೆಂದು ಓದುತ್ತಿದ್ದಳು, ಎರಡೂ ಕಮಾನಿನ ಹಾಗೆ. ಗುಟ್ಟು, ತಲೆಕಟ್ಟು ನೋಡುವುದು. ಪ, ವ, ಷ ಒಂದೇ ಬಸುರಿನವು, ಒಟ್ಟಿಗೆ ಕಲಿಸಬಾರದು, ವಾರ ಬಿಟ್ಟು ವಾರ ಕಲಿಸಬೇಕು. ಮಹಾಪ್ರಾಣಕ್ಕೆ ಹಳೆಯ ಮೇಷ್ಟ್ರುಗಳು ಹೇಳುತ್ತಿದ್ದಂತೆ 'ಹೊಟ್ಟೆ ಸೀಳು'. ಒತ್ತಕ್ಷರಗಳು ಮೂವತ್ತನಾಲ್ಕು ಎಂದು ಹೆದರಬೇಕಿಲ್ಲ. ಹೆಚ್ಚಿನವು ತಲೆಕಟ್ಟು ಕಳೆದುಕೊಂಡ ಅದೇ ಅಕ್ಷರದ ಮರಿಗಳು. ತಾಯಿಯನ್ನು ಹೋಲದವು ಆರೇ: ತ, ನ, ಮ, ಯ, ರ, ಲ. ಇವು ಮಾತ್ರ ಬೇರೆಯಾಗಿ ಕಲಿಯಬೇಕು. ಙ, ಞ? ಅಂಕ, ಪಂಚ ಎಂದು ಸೊನ್ನೆ ಹಾಕಿ ಬರೆಯುವ ನಮಗೆ ಪತ್ರಿಕೆಯಲ್ಲಿ ಅವು ಬಿಡಿಯಾಗಿ ಎದುರಾಗುವುದೇ ಅಪರೂಪ. ಆನೆಟ್, ಡಂಕನ್ ಅವರ ಲೆಕ್ಕದಂತೆ ಸದ್ಯಕ್ಕೆ ಬಿಡಬಹುದು. 'ಋ' ಕೂಡ ಸರದಿಯಲ್ಲಿ ಹಿಂದಕ್ಕೆ ಹೋಯಿತು. ಪಾಪ, ಅದರಿಂದ ಎಷ್ಟು ಜನ ಓಡಿಹೋಗಿದ್ದರು!

ಒಂದು ಹೆಜ್ಜೆ ಮಾತ್ರ ನಾನು ಊಹಿಸಿಯೇ ಇರದಿದ್ದದ್ದು. ಅಕ್ಷರವೆಲ್ಲ ಬಂದರೂ 'ಹೋಗುತ್ತೇನೆ' ಎಂಬಲ್ಲಿ ಅವಳು ನಿಂತುಬಿಡುತ್ತಿದ್ದಳು. ಮನೆಯಲ್ಲಿ ಕೇಳಿದ್ದು 'ಹೋಗ್ತೇನೆ'. ಅಚ್ಚಿನ ಕನ್ನಡ ಬೇರೆ, ಅಡುಗೆಮನೆಯ ಕನ್ನಡ ಬೇರೆ; ಇದಕ್ಕೂ ಅದಕ್ಕೂ ನಡುವೆ ಒಂದು ಸೇತುವೆ ಬೇಕು. ಮನೆಯಲ್ಲಿ ತುಳುವೋ ಕೊಂಕಣಿಯೋ ಆಡುವವರಿಗೆ ಆ ಸೇತುವೆ ಇನ್ನೂ ಉದ್ದ. ಮಲಯಾಳದ ಗೆಳೆತನವೂ ಕೆಲವೊಮ್ಮೆ ಮೋಸ ಮಾಡುತ್ತದೆ. ಮಂಗಳೂರಿಗೆ ಹೋದಾಗ 'ಅವಸರವೇ ಅಪಘಾತಕ್ಕೆ ಕಾರಣ' ಎಂಬ ಫಲಕವನ್ನು ಪೂರ್ತಿ ಓದಿ ಮುಗಿಸಿ, "ಅತ್ತೆ, ಅವಕಾಶ ಸಿಕ್ಕಿದರೆ ಆಕ್ಸಿಡೆಂಟ್ ಆಗುವುದು ಯಾಕೆ?" ಎಂದಳು. ಮಲಯಾಳದಲ್ಲಿ ಅವಸರವೆಂದರೆ ಅವಕಾಶವಲ್ಲವೇ! 'ಸಂಸಾರ'ವನ್ನು ಮಾತುಕತೆ ಎಂದು ತಿಳಿದು ಓದಿದ ಸುದ್ದಿಯನ್ನು ಇಲ್ಲಿ ಹೇಳುವುದು ಬೇಡ.

ಇನ್ನೊಂದು ಮಾತು, ಪಾಠಕ್ಕೆ ಸಂಬಂಧವಿಲ್ಲದಿದ್ದರೂ. ಮಳೆಗೆ ನೀವು ಮಲಯಾಳದಲ್ಲಿ 'ಮೞ' ಎನ್ನುವಾಗ ಬರುವ ಆ ನಾಲಿಗೆ ಮಡಚುವ ೞಕಾರ ಹಳಗನ್ನಡದಲ್ಲೂ ಇತ್ತು. ಆಗ ಮಳೆ 'ಮೞೆ' ಆಗಿತ್ತು. ನಾವು ಕಳೆದುಕೊಂಡೆವು. ಇಂದು ಬೆಂಗಳೂರಿನಲ್ಲಿ ಹಳಗನ್ನಡ ಓದುವ ವಿದ್ಯಾರ್ಥಿ ಕಷ್ಟಪಟ್ಟು ಕಲಿಯುವ ಧ್ವನಿ ಆಲಪ್ಪುೞದ ಬಸ್ಸು ಹತ್ತುವ ನಿಮಗೆ ಬಿಟ್ಟಿ ಬಂದಿದೆ. ಊರಿನವರು "ನಿಮ್ಮ ಕನ್ನಡ ಮಲಯಾಳದ ಹಾಗೆ" ಎಂದು ನಕ್ಕರೆ ಇದನ್ನೊಮ್ಮೆ ಅವರಿಂದ ಹೇಳಿಸಿ ನೋಡಿ.

ವಿಷುವಿನ ಮರುವಾರ ಶುರು ಮಾಡಿದ್ದು. ಶನಿವಾರ ಒಂದು ಗಂಟೆ, ಭಾನುವಾರ ಒಂದು ಗಂಟೆ. ವಾರದ ನಡುವೆ ಅವಳೂ ಅಜ್ಜಿಯೂ. ಮೊದಲ ದಿನವೇ ಎಂಟು ಅಕ್ಷರದಲ್ಲಿ ಮನೆ, ಮರ, ಅಮ್ಮ, ನಾನು ಎಂದು ಪದಗಳನ್ನೇ ಓದಿದಳು. ಓಣಂ ಹೊತ್ತಿಗೆ ಗಡಿಯಾರ ಇಟ್ಟು ಎಣಿಸಿದಾಗ ನಿಮಿಷಕ್ಕೆ 22 ಪದ, ತುಲಾ ಮಾಸದ ಗುಡುಗು ಮಳೆ ಬರುವಾಗ 31. ಈಗ ದಿನಾ ಸಂಜೆ ನಿಧನವಾರ್ತೆಯಿಂದ ಆರಂಭ, ಅದು ಅಜ್ಜಿಯ ಆಯ್ಕೆ. ಉಚ್ಚಾರ ತಪ್ಪಿದರೆ ಅಜ್ಜಿ ತಿದ್ದುತ್ತಾರೆ, ಅರ್ಥ ಕೇಳಿದರೆ ಹೇಳುತ್ತಾರೆ, ಹೇಳುತ್ತ ಹೇಳುತ್ತ ಪುತ್ತೂರಿನ ಯಾವುದೋ ಮನೆಯ ಕಥೆಗೆ ಹೋಗಿಬಿಡುತ್ತಾರೆ. ಆಗ ಪದಗಳ ಎಣಿಕೆ ನಿಂತುಹೋಗುತ್ತದೆ.

ಆ ಎರಡು ಪಟ್ಟಿಯ ಹಾಳೆಗಳ ಪ್ರತಿಯನ್ನು ಸಂಘದ ಕಚೇರಿಯಲ್ಲಿ ಇಟ್ಟಿದ್ದೇನೆ. ಒಟ್ಟು ಹದಿನಾಲ್ಕು ಹಾಳೆ. ಮಲಯಾಳ ಓದಲು ಬಲ್ಲ ಯಾರು ಬೇಕಾದರೂ ಒಯ್ಯಬಹುದು. ಎಡವಿದ ಜಾಗವನ್ನು ಪೆನ್ಸಿಲಿನಲ್ಲಿ ಗುರುತು ಹಾಕಿ ಹಿಂದಿರುಗಿಸಿದರೆ ಉಪಕಾರ, ನಮ್ಮ ಹುಡುಗಿ ಎಡವದಿದ್ದ ಕಡೆ ನೀವು ಎಡವಬಹುದು. ಮಲಯಾಳ ಓದದೆ ಇಂಗ್ಲಿಷ್ ಮಾತ್ರ ಬಲ್ಲವರಿಗೆ ಈ ಹಾಳೆ ಸಾಲದು, ಅವರ ಏಣಿ ಬೇರೆ.

ಮೊನ್ನೆ ಅವಳು ಅಜ್ಜಿಯ ಟ್ರಂಕಿನಿಂದ ಒಂದು ನೋಟುಬುಕ್ ತೆಗೆದಳು. ಮನೆಮದ್ದು, ಉಪ್ಪಿನಕಾಯಿಯ ಅಳತೆ, ಎರ್ನಾಕುಳಕ್ಕೆ ಬಂದ ಮೊದಲ ವರ್ಷದ ಖರ್ಚಿನ ಲೆಕ್ಕ, ನಡುನಡುವೆ ಅಮ್ಮ ಯಾರಿಗೂ ಹೇಳದೆ ಬರೆದಿಟ್ಟ ಒಂದೆರಡು ಸಾಲು. ಅಚ್ಚಿನಲ್ಲಿ 31 ಪದ ಓದುವವಳು ಅಲ್ಲಿ ಒಂದು ಸಾಲಿಗೂ ತಿಣುಕಿದಳು. ಕೈಬರಹದಲ್ಲಿ ತಲೆಕಟ್ಟುಗಳೆಲ್ಲ ಒಂದಕ್ಕೊಂದು ಕೂಡಿಕೊಂಡು ಗೆರೆಯಾಗಿವೆ, ಒತ್ತುಗಳು ಕೆಳಗಿನ ಸಾಲಿಗೆ ಇಳಿದಿವೆ, ಅಮ್ಮನ ದಕಾರ ಯಾವ ಪುಸ್ತಕದ ದಕಾರವೂ ಅಲ್ಲ. ಹೊಸ ಹಾಳೆಗೆ ನಡುವೆ ಗೆರೆ ಎಳೆದು ಕೂತಿದ್ದೇವೆ. ಎಡಗಡೆ ಅವಳು ಬರೆಯುತ್ತಿದ್ದಾಳೆ, ಬಲಗಡೆಗೆ ಅಮ್ಮನನ್ನು ಕೇಳಬೇಕು. ಕಣ್ಣಿಗೆ ಕಾಣದಿದ್ದರೂ ಬೆರಳಿಗೆ ನೆನಪಿರುತ್ತದೆ. ಗಾಳಿಯಲ್ಲಿ ಬರೆದು ತೋರಿಸುತ್ತಾರೆ.